ಪಟ್ಟಣದಂಚಿನ ತೋಟಿಗರು

ಊಟದ ಪದಾರ್ಥಗಳೆಲ್ಲ ಹಳ್ಳಿಯಲ್ಲಿ ಬೆಳೆಯತಕ್ಕವು, ಪಟ್ಟಣವು ಅವನ್ನು ಕೊಂಡು ಉಣ್ಣತಕ್ಕದ್ದು ಎಂಬ ಭಾವನೆಯು ಜನರಲ್ಲಿ ಬಹುಮಟ್ಟಿಗೆ ನೆಲೆಗೊಂಡಿದೆ. ಧಾನ್ಯಗಳ ವಿಷಯದಲ್ಲಿ ಈ ಮಾತು ಸಲ್ಲುತ್ತದೆ. ರಾಗಿಯು ಹಗೇವಿನಲ್ಲಿ ವರ್ಷಗಟ್ಟಲೆ ನಿಲ್ಲುತ್ತದೆ. ಬತ್ತವು ಗಾಡಿಯ ಮೇಲೆ ಹತ್ತು ಹರದಾರಿ ಸಾಗಿದರೂ ಕೆಡುವುದಿಲ್ಲ. ಸೊಪ್ಪು ಕಾಯಿಪಲ್ಯಗಳ ಸ್ವಭಾವವಾದರೋ ಬೇರೆ. ಮುಂಜಾನೆ ಕಿತ್ತ ದಂಟಿನ ಸೊಪ್ಪು ಸಾಯಂಕಾಲದ ಹೊತ್ತಿಗೆ ಬಾಡಿ ಜೋಲುಬೀಳುತ್ತದೆ. ಆದಕಾರಣ ಎಲ್ಲೆಲ್ಲಿ ಪಟ್ಟಣ ಹುಟ್ಟಿತೋ ಅಲ್ಲಲ್ಲಿ ಅದರ ಅಂಚಿಗೆ ಅಂಟಿಕೊಂಡು ತೋಟವೂ ಹುಟ್ಟಿತು. ತೋಟದ ಜೊತೆಗೆ ಅದನ್ನೇ ನಂಬಿ ಬಾಳುವ ತೋಟಿಗನೂ ಹುಟ್ಟಿದನು.

ಈ ಚರಿತ್ರೆಯನ್ನು ಅರಿಯುವುದಕ್ಕೆ ಅಜ್ಜಂಪುರದವರಿಗೆ ಈಗ ವಿಶೇಷ ಕಾರಣವುಂಟು. ತರೀಕೆರೆ ತಾಲ್ಲೂಕಿನ ಒಂದು ಹೋಬಳಿಯಾಗಿದ್ದ ಈ ಊರು ಈಚೆಗೆ ತಾನೇ ತಾಲ್ಲೂಕಿನ ಮುಖ್ಯಸ್ಥಳವಾಗಿದೆ. ಇಂಥ ಊರಿನಲ್ಲಿ ಬಾಡಿಗೆಯ ಮನೆಗಳೂ ಹೋಟೆಲುಗಳೂ ಹೆಚ್ಚುವುದು ಸಹಜ. ಊರಂಚಿನ ಹೊಲವು ನಿವೇಶನವಾಗುವುದೂ ಸಹಜ. ಹತ್ತು ಗುಂಟೆ ನೆಲವೂ ಒಂದು ಬಾವಿಯೂ ಉಳ್ಳವನ ಮುಂದೆ ಆಗ ಎರಡು ದಾರಿಗಳು ತೆರೆಯುತ್ತವೆ: ಅಳೆದು ಮಾರುವುದು ಒಂದು, ಬೆಳೆದು ಮಾರುವುದು ಇನ್ನೊಂದು. ಮೂವತ್ತಡಿ ನಲವತ್ತಡಿಯ ಲೆಕ್ಕದಲ್ಲಿ, ದಾರಿಗೆ ಬಿಡುವುದನ್ನು ಕಳೆದು, ಹತ್ತು ಗುಂಟೆಗೆ ಆರು ನಿವೇಶನಗಳಾದಾವು. ಆ ಹಣವು ಒಂದೇ ಸಲ ಕೈಸೇರುವುದು. ಎರಡನೆಯ ದಾರಿಯಲ್ಲಿ ಒಂದು ಸಂಸಾರವು ನಿಜವಾಗಿ ಬಾಳಬಲ್ಲುದೇ? ಈ ಪ್ರಶ್ನೆಗೆ ಬೆಂಗಳೂರಿನ ತೋಟಿಗರ ಚರಿತ್ರೆಯು ಉತ್ತರವನ್ನೂ ಎಚ್ಚರಿಕೆಯನ್ನೂ ಒಟ್ಟಿಗೆ ಹೇಳುತ್ತದೆ.

ಪಟ್ಟಣದೊಳಗಿನ ಬೇಸಾಯವು ಹೊಸ ಕಲ್ಪನೆಯೇನೂ ಅಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದುರ್ಗನಿವೇಶವನ್ನು ಹೇಳುವ ಭಾಗದಲ್ಲಿ, ಪಟ್ಟಣವಾಸಿಗಳು ಅಪ್ಪಣೆ ಪಡೆದು ಹೂವಿನ ತೋಟ, ಹಣ್ಣಿನ ತೋಟ, ಕಾಯಿಪಲ್ಯದ ಮಡಿಗಳನ್ನು ಮಾಡಿಕೊಳ್ಳಬಹುದೆಂದೂ ಹತ್ತು ಕುಟುಂಬಗಳಿಗೆ ಒಂದು ಬಾವಿ ಇರತಕ್ಕದ್ದೆಂದೂ ವಿಧಿಸಿದೆ. ಸೀತಾಧ್ಯಕ್ಷನ ಪ್ರಕರಣದಲ್ಲಿ ಯಾವ ನೆಲ ಯಾವ ಬೆಳೆಗೆ ಯೋಗ್ಯವೆಂಬ ವಿಚಾರ ಬರುತ್ತದೆ. ಅಲ್ಲಿ ಬಾವಿಯ ಸುತ್ತಣ ನೆಲವನ್ನು ಶಾಕಮೂಲಗಳಿಗೆ ಗೊತ್ತುಮಾಡಿದೆ. ಬತ್ತ ಮುಂತಾದವು ಉತ್ತಮ, ಕಾಯಿಪಲ್ಯ ಮಧ್ಯಮ, ಕಬ್ಬು ಕನಿಷ್ಠ ಎಂದು ತಾರತಮ್ಯವನ್ನು ಹೇಳಿ, ಕಬ್ಬಿಗೆ ಬಾಧೆಗಳೂ ವೆಚ್ಚವೂ ಹೆಚ್ಚೆಂಬ ಕಾರಣವನ್ನು ಕೊಟ್ಟಿರುವುದು ಆ ಗ್ರಂಥಕರ್ತನ ಲೆಕ್ಕದ ಬುದ್ಧಿಯನ್ನು ತೋರಿಸುತ್ತದೆ. ಬಹುಕಾಲ ಮರೆಯಾಗಿದ್ದ ಈ ಗ್ರಂಥವನ್ನು ಮೈಸೂರಿನ ಪ್ರಾಚ್ಯ ಕೋಶಾಗಾರದಲ್ಲಿ ಗುರುತಿಸಿ ೧೯೦೯ರಲ್ಲಿ ಅಚ್ಚುಹಾಕಿಸಿ ಲೋಕಕ್ಕೆ ಕೊಟ್ಟವರು ಆರ್. ಶಾಮಶಾಸ್ತ್ರಿಗಳು.

ಕನ್ನಡದಲ್ಲಿಯೂ ಈ ವಿದ್ಯೆಗೆ ಹಿಂದಣ ನೆಲೆಯುಂಟು. ಕ್ರಿ. ಶ. ೧೦೨೫ರಲ್ಲಿ, ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿ, ಎರಡನೆಯ ಚಾವುಂಡರಾಯನು ರಚಿಸಿದ ಲೋಕೋಪಕಾರದಲ್ಲಿ ವೃಕ್ಷಾಯುರ್ವೇದ, ನೆಲದೊಳಗಿನ ನೀರನ್ನು ಅರಿಯುವ ಬಗೆ, ಅಡಿಗೆಯ ಶಾಸ್ತ್ರ ಇವು ಮೂರೂ ಒಂದೇ ಹೊತ್ತಗೆಯಲ್ಲಿ ಸೇರಿವೆ. ನೀರು, ಗಿಡ, ಅಡಿಗೆಮನೆ ಇವುಗಳನ್ನು ಬಿಡಿಬಿಡಿಯಾಗಿ ಎಣಿಸದೆ ಲೋಕಕ್ಕೆ ಉಪಕಾರವಾಗುವ ಒಂದೇ ಜ್ಞಾನವೆಂದು ಬಗೆದುದು ಗಮನಿಸತಕ್ಕ ವಿಷಯ.

ಇನ್ನು ಬೆಂಗಳೂರಿನ ಕಥೆ. ಹದಿನಾರನೆಯ ಶತಮಾನದಲ್ಲಿ ಕೆಂಪೇಗೌಡನು ಕಟ್ಟಿದ ಈ ಪೇಟೆಗೆ ಸಮೀಪದಲ್ಲಿ ನದಿಯಿಲ್ಲ. ಆದುದರಿಂದ ಕೆರೆಗಳೇ ಊರಿನ ಜೀವವಾದವು. ಧರ್ಮಾಂಬುಧಿ, ಕೆಂಪಾಂಬುಧಿ, ಸಂಪಂಗಿ ಮೊದಲಾದ ಕೆರೆಗಳು ಪೇಟೆಯನ್ನು ಬಳಸಿಕೊಂಡಿದ್ದುವು. ಕೆರೆಯಲ್ಲಿ ನೀರಿದ್ದರೆ ಕೆಳಗಣ ಬಾವಿಗಳಲ್ಲಿ ನೀರು ಕೈಗೆಟಕುವಷ್ಟು ಮೇಲಿರುತ್ತದೆ. ಅಂಥ ನೆಲವೇ ತೋಟಕ್ಕೆ ಹೇಳಿಮಾಡಿಸಿದುದು. ಈ ತೋಟಗಳಲ್ಲಿ ಹೆಸರಾದವರು ವಹ್ನಿಕುಲ ಕ್ಷತ್ರಿಯರೆನ್ನಿಸಿಕೊಳ್ಳುವ ತಿಗಳರು. ಲಾಲ್‌ಬಾಗಿನ ಕೆಲಸಕ್ಕಾಗಿ ಹೈದರಾಲಿಯು ಇವರನ್ನು ಕರೆತಂದನೆಂದು ಒಂದು ಹೇಳಿಕೆಯಿದೆ. ಅದಕ್ಕೂ ಹಿಂದಿನಿಂದಲೇ ಇವರು ಇಲ್ಲಿ ನೆಲೆಸಿದ್ದರೆಂದು ಇನ್ನೊಂದು ಹೇಳಿಕೆಯಿದೆ. ತಿಗಳರಪೇಟೆಯ ಧರ್ಮರಾಯಸ್ವಾಮಿಯ ಗುಡಿಯಿಂದ ಚೈತ್ರ ಪೂರ್ಣಿಮೆಯ ರಾತ್ರಿ ಹೊರಡುವ ದ್ರೌಪದಿಯ ಕರಗವು ಇವರ ಮಹೋತ್ಸವ. ಮಣ್ಣನ್ನೂ ನೀರನ್ನೂ ನಂಬಿದ ಕುಲದ ದೇವತೆಯು ನೀರಿನ ಬಳಿಯಲ್ಲಿ ಆವಿರ್ಭವಿಸಿ ಊರನ್ನೆಲ್ಲ ಸುತ್ತಿ ಬರುವುದು ಎಷ್ಟು ಉಚಿತವಾಗಿದೆ!

೧೭೬೦ರಲ್ಲಿ ಹೈದರಾಲಿಯು ಲಾಲ್‌ಬಾಗನ್ನು ಆರಂಭಿಸಿದನು. ಮೊದಲಿಗೆ ಸುಮಾರು ೪೦ ಎಕರೆಯಷ್ಟಿದ್ದ ಆ ತೋಟವು ಇಂದು ೨೪೦ ಎಕರೆಗೆ ವಿಸ್ತರಿಸಿದೆ. ಟಿಪ್ಪುವು ದೂರದೇಶಗಳಿಂದ ಗಿಡಬೀಜಗಳನ್ನು ತರಿಸಿ ಇದನ್ನು ಬೆಳೆಸಿದನು. ೧೮೦೦ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಸಾಹೇಬನು, ಬೆಂಗಳೂರಿನ ಸುಲ್ತಾನೀ ತೋಟಗಳಲ್ಲಿ ದ್ರಾಕ್ಷಿಯು ಹುಲುಸಾಗಿ ಬರುತ್ತಿದ್ದುದನ್ನೂ ಸೇಬು, ಪೀಚುಗಳು ಫಲಿಸುತ್ತಿದ್ದುದನ್ನೂ ಬರೆದಿಟ್ಟಿದ್ದಾನೆ. ಆದರೆ ಅರಸನ ತೋಟವು ಅರಸನ ಊಟಕ್ಕೂ ವಿನೋದಕ್ಕೂ ಸೇರಿದುದು. ಹಣಕ್ಕಾಗಿ ಬೆಳೆದು ದಿನದಿನವೂ ಮಾರುವ ತೋಟದ ಕಸಬು ಬಲಿತುದು ಬೇರೊಂದು ಕಾರಣದಿಂದ.

ಆ ಕಾರಣವೇ ದಂಡು. ಶ್ರೀರಂಗಪಟ್ಟಣದ ಹವೆಯು ಸೈನ್ಯಕ್ಕೆ ಹಿಡಿಸದೆ, ೧೮೦೯ರಲ್ಲಿ ಇಂಗ್ಲಿಷರ ಪಾಳೆಯವು ಬೆಂಗಳೂರಿಗೆ ಬಂದು ನೆಲೆಸಿತು. ಸಾವಿರಾರು ಸಿಪಾಯಿಗಳೂ ಅವರ ಅಧಿಕಾರಿಗಳೂ ಪರಿವಾರದವರೂ ಒಂದೆಡೆ ಸೇರಿದರು. ಇವರು ಉಳುವವರಲ್ಲ, ತಿಂಗಳ ಸಂಬಳವನ್ನು ಕಾಸಿನಲ್ಲಿ ಪಡೆದು ಕಾಸು ಕೊಟ್ಟು ತರಕಾರಿಯನ್ನು ಕೊಳ್ಳತಕ್ಕವರು. ಅದೂ ಬದನೆ, ಬೆಂಡೆ, ಅವರೆಗಳಿಂದ ಅವರಿಗೆ ತೃಪ್ತಿಯಿಲ್ಲ. ಕೋಸು, ಹೂಕೋಸು, ನವಿಲುಕೋಸು, ಗಜ್ಜರಿ, ಹುರುಳಿಕಾಯಿ, ಆಲೂಗಡ್ಡೆಗಳು ಬೇಕು. ಬೆಂಗಳೂರಿನ ತಂಪಾದ ಹವೆಯಲ್ಲಿ ಇವು ಬೆಳೆಯುತ್ತವೆಂಬುದು ತೋಟಿಗನಿಗೆ ಬೇಗನೆ ತಿಳಿದುಹೋಯಿತು. ತಾನು ಹುಟ್ಟಿದಾರಭ್ಯ ಬಾಯಲ್ಲಿಟ್ಟು ನೋಡದ ಕಾಯಿಗಳನ್ನು ಅವನು ಕೊಳ್ಳುವವನ ಬಾಯಿರುಚಿಯನ್ನು ತಿಳಿದು ಬೆಳೆದನು. ವ್ಯಾಪಾರದ ತೋಟಕ್ಕೆ ಇದೇ ಮೊದಲನೆಯ ಪಾಠ: ತನಗೆ ಬೆಳೆಯಲು ಬರುವುದನ್ನು ಬೆಳೆದು ಕೊಳ್ಳುವವನನ್ನು ಹುಡುಕುವುದಕ್ಕಿಂತ, ಕೊಳ್ಳುವವನನ್ನು ಕಂಡುಕೊಂಡು ಬೆಳೆಯುವುದು ಮೇಲು.

ಬೀಜಕ್ಕೂ ವಿದ್ಯೆಗೂ ಲಾಲ್‌ಬಾಗೇ ಆಕರವಾಯಿತು. ೧೮೫೬ರಲ್ಲಿ ಅದು ಸರ್ಕಾರದ ಸಸ್ಯೋದ್ಯಾನವಾಯಿತು. ೧೮೭೪ರಿಂದ ೧೯೦೮ರವರೆಗೆ ಅದರ ಆಡಳಿತವನ್ನು ನಡೆಸಿದ ಜಾನ್ ಕೆಮರನ್ನನು ಹೊರದೇಶದ ಅನೇಕ ಗಿಡಗಳನ್ನು ಇಲ್ಲಿ ಪರೀಕ್ಷಿಸಿ ನೋಡಿದನು. ಸೀಮೆಬದನೆಯು ಬೆಂಗಳೂರಿಗೆ ಬಂದುದು ಅವನಿಂದಲೇ ಎಂದು ಪ್ರಸಿದ್ಧಿಯುಂಟು. ಆ ಕಾಯಿಯು ಈ ಊರಿನ ಸುತ್ತ ಎಷ್ಟು ಒಗ್ಗಿಹೋಯಿತೆಂದರೆ ತಮಿಳರು ಇಂದಿಗೂ ಅದನ್ನು ಬೆಂಗಳೂರು ಕತ್ತಿರಿಕಾಯಿ ಎಂದೇ ಕರೆಯುತ್ತಾರೆ. ೧೯೦೮ರಲ್ಲಿ ಬಂದ ಜರ್ಮನಿಯ ಕೃಂಬೀಗಲ್ಲನೂ, ೧೯೩೨ರಲ್ಲಿ ಅವನ ತರುವಾಯ ಬಂದ ಎಚ್. ಸಿ. ಜವರಾಯರೂ ತೋಟಗಾರಿಕೆಯನ್ನು ಅರಮನೆಯ ಅಲಂಕಾರದಿಂದ ಜನರ ಕಸಬಿನತ್ತ ಇನ್ನಷ್ಟು ತಿರುಗಿಸಿದರು.

ಈ ತೋಟಗಳು ಗಾತ್ರದಲ್ಲಿ ಸಣ್ಣವು. ದುಡಿಮೆಯಲ್ಲಿ ಮಾತ್ರ ದೊಡ್ಡವು. ನೆಲವನ್ನು ಚಿಕ್ಕ ಚಿಕ್ಕ ಮಡಿಗಳಾಗಿ ಒಡೆದು ಕಾಲುವೆ ತೆಗೆದು, ಏತದಿಂದಲೋ ಕಪಿಲೆಯಿಂದಲೋ ಎತ್ತಿದ ನೀರನ್ನು ಒಂದೊಂದು ಮಡಿಗೂ ತಿರುಗಿಸುವರು. ಒಂದು ಮಡಿಯಲ್ಲಿ ಸಸಿಗಳ ಒಟ್ಟಲು, ಪಕ್ಕದಲ್ಲಿ ಮೂಲಂಗಿ, ಅದರಾಚೆ ಕೊತ್ತಂಬರಿ, ಬದುವಿನ ಮೇಲೆ ಕರಿಬೇವು, ಬೇಲಿಯ ಮೇಲೆ ಅವರೆ ಹೀರೆಗಳ ಬಳ್ಳಿ. ಹೀಗೆ ಅಂಗೈಯಗಲವೂ ಬರಿದಾಗಿರದು. ಮೆಂತ್ಯವೂ ದಂಟೂ ತಿಂಗಳೊಳಗೆ ಕೊಯ್ಲಿಗೆ ಬರುತ್ತವೆ. ಕೊತ್ತಂಬರಿಗೆ ಸುಮಾರು ನಲವತ್ತು ದಿನ. ಹುರುಳಿಕಾಯಿಗೆ ಎರಡು ತಿಂಗಳು. ಕೋಸಿಗೆ ಮೂರು ತಿಂಗಳು. ಬೇಗ ಬರುವ ಸೊಪ್ಪು ನಿತ್ಯದ ವೆಚ್ಚವನ್ನು ಕೊಡುತ್ತದೆ. ತಡವಾಗಿ ಬರುವ ಕಾಯಿಯು ಹಬ್ಬಕ್ಕೂ ಸಾಲಕ್ಕೂ ಒದಗುತ್ತದೆ. ಕಳೆ ಕೀಳುವುದು, ಕಟ್ಟು ಕಟ್ಟುವುದು, ಬುಟ್ಟಿ ಹೊತ್ತು ಮಾರುವುದು ಇವುಗಳಲ್ಲಿ ಹೆಂಗಸರ ಪಾಲು ಗಂಡಸರದಕ್ಕಿಂತ ಕಡಿಮೆಯದಾಗಿರಲಿಲ್ಲ.

ಪಟ್ಟಣವು ತೋಟಕ್ಕೆ ಕಾಸನ್ನು ಮಾತ್ರವಲ್ಲದೆ ಗೊಬ್ಬರವನ್ನೂ ಕೊಡುತ್ತಿತ್ತು. ಕುದುರೆಯ ಲಾಯಗಳ ಲದ್ದಿ, ಹಟ್ಟಿಗಳ ಸಗಣಿ, ಬೀದಿಯ ಕಸ ಎಲ್ಲವೂ ಮಣ್ಣಿಗೆ ಸೇರುತ್ತಿದ್ದುವು. ಇದಕ್ಕೆ ಶಾಸ್ತ್ರೀಯವಾದ ರೂಪವನ್ನು ಕೊಟ್ಟವರು ಸಿ. ಎನ್. ಆಚಾರ್ಯರು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ೧೯೩೯ರಲ್ಲಿ ಅವರು ರೂಪಿಸಿದ ವಿಧಾನದಂತೆ ಊರಿನ ಕಸವನ್ನೂ ಮಲವನ್ನೂ ಗುಂಡಿಯಲ್ಲಿ ಪದರ ಪದರವಾಗಿ ಹಾಸಿ, ಮೇಲೆ ಮಣ್ಣು ಮುಚ್ಚಿ, ಮಗುಚದೆ ಕೆಲವು ತಿಂಗಳು ಬಿಟ್ಟರೆ ಅದು ಕಳಿತು ಗೊಬ್ಬರವಾಗುತ್ತದೆ. ಕೃಷಿಗ್ರಂಥಗಳಲ್ಲಿ ಇದಕ್ಕೆ ಬೆಂಗಳೂರು ಪದ್ಧತಿಯೆಂದೇ ಹೆಸರು. ಮಹಾಯುದ್ಧದ ದಿನಗಳಲ್ಲಿ ಅನ್ನದ ಅಭಾವ ತಲೆದೋರಿ, ಹೆಚ್ಚು ಆಹಾರ ಬೆಳೆಯಿರೆಂಬ ಕರೆಯು ದೇಶದಲ್ಲೆಲ್ಲ ಎದ್ದಾಗ, ಬಿಸುಡುವ ಕಸವೇ ಅನ್ನಕ್ಕೆ ಮೂಲವೆಂಬ ತತ್ತ್ವದ ಬೆಲೆಯು ಎಲ್ಲರಿಗೂ ಗೋಚರವಾಯಿತು.

ಆದರೆ ಬೆಳೆದವನಿಗೆ ಬೆಲೆ ದೊರೆಯುವುದು ಯಾವ ಕಾಲದಲ್ಲೂ ಸುಲಭವಾಗಿರಲಿಲ್ಲ. ದಂಡಿನಲ್ಲಿ ರಸೆಲ್ ಮಾರುಕಟ್ಟೆಯು ತೆರೆಯಿತು. ಪೇಟೆಯಲ್ಲಿ ಸಿದ್ದಿಕಟ್ಟೆಯ ಜಾಗದಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆಯು ಮೇಲೆದ್ದಿತು. ಅಂಗಡಿಗಳು ಅಚ್ಚುಕಟ್ಟಾದುವು, ಆದರೂ ತೋಟಿಗನಿಗೂ ಕೊಳ್ಳುವವನಿಗೂ ನಡುವೆ ಮಂಡಿಯವನು ನಿಂತೇ ಇದ್ದನು. ಬಾಡುವ ಸರಕನ್ನು ತಂದವನು ಚೌಕಾಶಿಯಲ್ಲಿ ಗೆಲ್ಲುವುದು ಕಷ್ಟ. ಹೊತ್ತು ಏರಿದಷ್ಟೂ ಅವನ ಬುಟ್ಟಿಯ ಬೆಲೆ ಇಳಿಯುತ್ತದೆ. ಬೀಜಕ್ಕೆಂದು ಮುಂಗಡ ಪಡೆದಿದ್ದರಂತೂ ಹೇಳಿದ ಬೆಲೆಗೆ ಒಪ್ಪಿಕೊಳ್ಳಬೇಕಾದುದೇ. ಈ ತೊಡಕಿಗೆ ಬಹುಜನಕ್ಕೆ ಉಪಯುಕ್ತವಾದ ಪರಿಹಾರವೊಂದು ೧೯೫೯ರಲ್ಲಿ ದೊರೆಯಿತು. ತೋಟಗಾರಿಕೆಯ ಇಲಾಖೆಯ ಡಾಕ್ಟರ್ ಎಂ. ಎಚ್. ಮರೀಗೌಡರ ಪ್ರಯತ್ನದಿಂದ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವು ಸ್ಥಾಪಿತವಾಯಿತು. ಮುಂದೆ ಅದೇ ಹಣ್ಣು ತರಕಾರಿಗಳನ್ನೆಲ್ಲ ಕೈಗೆತ್ತಿಕೊಂಡು ಹಾಪ್‌ಕಾಮ್ಸ್ ಎಂಬ ಹೆಸರಿನಿಂದ ಬೀದಿಬೀದಿಗಳಲ್ಲಿ ಮಳಿಗೆಗಳನ್ನು ತೆರೆಯಿತು. ಬೆಳೆದವರೇ ಕೂಡಿ ಮಾರಿದರೆ ತೂಕವೂ ಬೆಲೆಯೂ ಹಲಗೆಯ ಮೇಲೆ ಬಹಿರಂಗವಾಗುತ್ತವೆಂಬುದನ್ನು ಅದು ತೋರಿಸಿಕೊಟ್ಟಿತು.

ಹೀಗೆ ಪಟ್ಟಣದಿಂದ ಬೆಳೆದ ತೋಟವು ಪಟ್ಟಣದಿಂದಲೇ ಅಳಿದುದು ಈ ಚರಿತ್ರೆಯ ದುಃಖದ ಭಾಗ. ೧೯೪೧ರಲ್ಲಿ ಸುಮಾರು ೪ ಲಕ್ಷವಿದ್ದ ಬೆಂಗಳೂರಿನ ಜನಸಂಖ್ಯೆಯು ೧೯೫೧ರ ಹೊತ್ತಿಗೆ ೮ ಲಕ್ಷದ ಹತ್ತಿರಕ್ಕೆ ಬಂದಿತು. ೨೦೧೧ರಲ್ಲಿ ೮೪ ಲಕ್ಷವಾಯಿತು. ೧೮೯೬ರಲ್ಲಿ ಹೆಸರಘಟ್ಟದಿಂದ ಕೊಳಾಯಿಯ ನೀರು ಬಂದಿತು; ೧೯೩೩ರಲ್ಲಿ ತಿಪ್ಪಗೊಂಡನಹಳ್ಳಿಯ ನೀರು ಬಂದಿತು. ದೂರದಿಂದ ನೀರು ಬಂದ ಮೇಲೆ ಊರೊಳಗಿನ ಕೆರೆಯು ಕುಡಿಯುವ ನೀರಿಗೆ ಬೇಡವಾಯಿತು. ಬೇಡವಾದ ಕೆರೆಯು ಆಳುವವರ ಕಣ್ಣಿಗೆ ಬಯಲಾಗಿ ತೋರಿತು. ಧರ್ಮಾಂಬುಧಿಯ ಅಂಗಳದಲ್ಲಿ ಇಂದು ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣವಿದೆ. ಕೆರೆ ಬತ್ತಿದರೆ ಬಾವಿ ಬತ್ತುವುದು. ಬಾವಿ ಬತ್ತಿದರೆ ಮಡಿ ಒಣಗುವುದು. ನೆಲವನ್ನು ಮಾರಿದ ತೋಟಿಗನನ್ನು ಹಣದಾಸೆಯವನೆಂದು ಬಯ್ಯುವವರು ಈ ಕ್ರಮವನ್ನು ಮರೆಯಬಾರದು. ಅವನು ನೆಲವನ್ನು ಬಿಡುವುದಕ್ಕೆ ಮೊದಲೇ ನೀರು ಅವನನ್ನು ಬಿಟ್ಟುಹೋಗಿತ್ತು. ಉಳಿದ ಕೆಲವರು ಊರ ಚರಂಡಿಯ ನೀರನ್ನು ತಿರುಗಿಸಿ ಸೊಪ್ಪು ಬೆಳೆಯತೊಡಗಿದರು. ಕಾರ್ಖಾನೆಗಳ ಕೊಳೆ ಕೂಡಿದ ಆ ನೀರಿನಿಂದ ಬೆಳೆದ ಸೊಪ್ಪಿನಲ್ಲಿ ವಿಷಲೋಹಗಳು ಸೇರುವುದೆಂದು ಪರೀಕ್ಷೆಗಳಿಂದ ಸ್ಪಷ್ಟಪಟ್ಟು, ತೋಟದ ಹೆಸರಿಗೇ ಕಳಂಕ ಬಂದಿತು. ಲಾಲ್‌ಬಾಗಿನ ಬಳಿಯ ಸಿದ್ದಾಪುರದಲ್ಲಿ ಹೂಗಿಡ ಸಸಿಗಳನ್ನು ಮಾರುವವರು ಉಳಿದಿರುವುದು ಹಿಂದಣ ಕಸಬಿನ ಒಂದು ಕುಡಿಯಂತಿದೆ.

ಇದು ಬೆಂಗಳೂರೊಂದರ ಹಣೆಬರಹವಲ್ಲ. ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ ನಗರದ ತೋಟಿಗರು ಊರಿನ ಕುದುರೆಗಳ ಲದ್ದಿಯನ್ನು ಹಾಸಿ, ಅದರ ಕಾವಿನಲ್ಲಿ ಗಾಜಿನ ಗಂಟೆಗಳನ್ನು ಕವುಚಿ, ಚಳಿಗಾಲದಲ್ಲಿಯೂ ಸೊಪ್ಪನ್ನು ಬೆಳೆಯುತ್ತಿದ್ದರು. ಗೇಣಿಯನ್ನು ಬಿಟ್ಟು ಹೋಗುವಾಗ ತಾವು ಮಾಡಿದ ಮೇಲ್ಮಣ್ಣನ್ನು ಒಂದು ಆಳದವರೆಗೆ ತೆಗೆದುಕೊಂಡು ಹೋಗುವ ಹಕ್ಕು ಅವರ ಕರಾರುಪತ್ರಗಳಲ್ಲಿ ಇರುತ್ತಿತ್ತೆಂದು ಕ್ರೊಪಾಟ್ಕಿನ್ನನು ಬರೆದಿದ್ದಾನೆ. ಮೋಟಾರು ಬಂದು ಕುದುರೆ ಹೋಯಿತು; ನೆಲದ ಬೆಲೆ ಏರಿತು; ಆ ತೋಟಗಳೂ ಕರಗಿದುವು. ಇದಕ್ಕೆ ಪ್ರತಿಯಾದ ಉದಾಹರಣೆಯೂ ಉಂಟು. ೧೯೯೧ರಲ್ಲಿ ಸೋವಿಯತ್ ಒಕ್ಕೂಟವು ಮುರಿದು ಹೊರಗಣ ಎಣ್ಣೆ, ಗೊಬ್ಬರಗಳು ನಿಂತುಹೋದಾಗ, ಕ್ಯೂಬಾ ದೇಶದ ಹವಾನಾ ನಗರದವರು ಖಾಲಿ ಬಯಲುಗಳಲ್ಲಿ ಮಡಿಗಳನ್ನು ಕಟ್ಟಿ ಕಾಯಿಪಲ್ಯ ಬೆಳೆದುಕೊಂಡರು. ನಗರವು ಮನಸ್ಸು ಮಾಡಿದರೆ ತೋಟವು ಮರಳಿ ಬರಬಲ್ಲುದು. ಆದರೆ ಹಸಿವು ಬಂದ ಮೇಲೆ ಮನಸ್ಸು ಮಾಡುವುದು ಬುದ್ಧಿವಂತರ ಲಕ್ಷಣವಲ್ಲ.

ಇಷ್ಟನ್ನು ತಿಳಿದ ಮೇಲೆ, ಸಣ್ಣ ಊರಿನಲ್ಲಿ ಇಂಥ ಕಸಬನ್ನು ಹೂಡತಕ್ಕವನು ಗಮನಿಸಬೇಕಾದ ಅಂಶಗಳು ತಾವಾಗಿಯೇ ಹೊಳೆಯುತ್ತವೆ. ಮೊದಲನೆಯದು ನೀರು: ಬೇಸಗೆಯ ಕಡೆಯ ತಿಂಗಳಲ್ಲಿ ಬಾವಿಯಲ್ಲೋ ಕೊಳವೆಬಾವಿಯಲ್ಲೋ ಎಷ್ಟು ನೀರು ನಿಲ್ಲುತ್ತದೆಯೋ ಅಷ್ಟಕ್ಕೆ ತಕ್ಕಂತೆ ಮಡಿಗಳನ್ನು ಎಣಿಸಬೇಕು, ಮಳೆಗಾಲದ ನೀರನ್ನು ನೋಡಿ ಎಣಿಸಿದವನು ಕೆಡುವನು. ಎರಡನೆಯದು ಬೆಳೆಯ ಆಯ್ಕೆ. ಅಜ್ಜಂಪುರದ ಸೀಮೆಯ ಈರುಳ್ಳಿಯು ಹೆಸರಾದ ಬೆಳೆ. ಅದು ಚೀಲದಲ್ಲಿ ಕಾಯಬಲ್ಲುದು, ಲಾರಿಯಲ್ಲಿ ದೂರ ಹೋಗಬಲ್ಲುದು. ಆ ಕಾರಣದಿಂದಲೇ ಅದರ ಬೆಲೆಯನ್ನು ದೂರದ ಪೇಟೆಗಳು ಗೊತ್ತುಮಾಡುತ್ತವೆ. ಹತ್ತು ಗುಂಟೆಯವನು ಈರುಳ್ಳಿಯಲ್ಲಿ ನೂರಾರು ಎಕರೆಯವರೊಡನೆ ಸ್ಪರ್ಧಿಸಲಾರನು. ಸೊಪ್ಪಿನ ಕಥೆಯೇ ಬೇರೆ. ದೂರದಿಂದ ಬಂದ ಸೊಪ್ಪು ಬಾಡಿರುತ್ತದೆ, ಊರಂಚಿನದು ಇಬ್ಬನಿಯೊಡನೆ ಬರುತ್ತದೆ. ಬಾಡುವಿಕೆಯೇ ಸಣ್ಣವನಿಗೆ ಕೋಟೆ.

ಮೂರನೆಯದು ಸರದಿ. ಇಡೀ ನೆಲಕ್ಕೆ ಒಂದೇ ದಿನ ಕೊತ್ತಂಬರಿಯನ್ನು ಬಿತ್ತಿದವನಿಗೆ ಒಂದೇ ವಾರದಲ್ಲಿ ಎಲ್ಲವೂ ಕೊಯ್ಲಿಗೆ ಬಂದು ಬೆಲೆ ಬಿದ್ದುಹೋಗುವುದು. ಆಮೇಲೆ ಒಂದು ತಿಂಗಳು ಬರಿಗೈ. ಅದೇ ನೆಲವನ್ನು ಆರು ಮಡಿಯಾಗಿ ವಿಭಾಗಿಸಿ ವಾರಕ್ಕೊಂದು ಮಡಿಯಂತೆ ಬಿತ್ತಿದರೆ, ಆರನೆಯದು ಮುಗಿಯುವ ಹೊತ್ತಿಗೆ ಮೊದಲನೆಯದು ಬಲಿತಿರುತ್ತದೆ. ಅದನ್ನು ಕೊಯ್ದು ಮರಳಿ ಬಿತ್ತಿದರೆ ವಾರವಾರವೂ ಕೊಯ್ಲು ತಪ್ಪದು. ನಾಲ್ಕನೆಯದು ಗಿರಾಕಿ: ಪ್ರತಿದಿನ ಇಷ್ಟು ಕಟ್ಟು ಎಂದು ಒಪ್ಪಿಕೊಂಡ ಎರಡು ಹೋಟೆಲು, ಒಂದು ವಿದ್ಯಾರ್ಥಿನಿಲಯ, ಇಪ್ಪತ್ತು ಮನೆ ಇವು ಮಂಡಿಗಿಂತ ಮೇಲು. ಐದನೆಯದು ಲೆಕ್ಕ: ಮನೆಯವರ ದುಡಿಮೆಗೂ ಕೂಲಿ ಹಿಡಿದು ಬರೆಯಬೇಕು. ಅದನ್ನು ಬಿಟ್ಟು ಲಾಭವನ್ನು ಎಣಿಸುವುದು ತನ್ನನ್ನು ತಾನೇ ವಂಚಿಸಿಕೊಂಡಂತೆ. ಗೇಣಿಯ ನೆಲವಾದರೆ ನಾಲ್ಕಾರು ವರ್ಷದ ಕರಾರು ಬರಹದಲ್ಲಿರಬೇಕು; ಗೊಬ್ಬರ ಹಾಕಿ ಮಣ್ಣನ್ನು ಹದಮಾಡಿದ ಮೇಲೆ ಎಬ್ಬಿಸಿ ಕಳುಹಿಸಿದರೆ, ಪ್ಯಾರಿಸಿನವನಂತೆ ಮಣ್ಣನ್ನು ಹೊತ್ತುಕೊಂಡು ಹೋಗುವ ಹಕ್ಕು ಇಲ್ಲಿಲ್ಲ.

ಅಜ್ಜಂಪುರಕ್ಕೆ ಈ ಕೆಲಸದಲ್ಲಿ ಕೆಲವು ಅನುಕೂಲಗಳೂ ಒಂದೆರಡು ತೊಡಕುಗಳೂ ಉಂಟು. ಎರೆಯ ನೆಲವು ಸಾರವುಳ್ಳದ್ದು. ಆದರೆ ಮಳೆಯಲ್ಲಿ ನೀರು ಹಿಡಿದು ಬೇರನ್ನು ಕೊಳೆಯಿಸುತ್ತದೆ. ಅಲ್ಲಿ ಮಡಿಯನ್ನು ಏರಿಸಿ ಬಸಿಗಾಲುವೆ ತೆಗೆಯುವುದು ಅವಶ್ಯಕ. ಮೈಸೂರು ಅರಸು ಚಿಕ್ಕದೇವರಾಜರ ಬೆಣ್ಣೆಚಾವಡಿಯಿಂದ ಬಂದು, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರನ್ನು ಪಡೆದ ಗೋತಳಿಯ ಸಂವರ್ಧನ ಕೇಂದ್ರವು ಇರುವುದು ಈ ಊರಿನಲ್ಲಿಯೇ. ದನದ ಹಿರಿಮೆಯನ್ನು ಇಷ್ಟು ಬಲ್ಲ ಸೀಮೆಯು ಸಗಣಿಯ ಹಿರಿಮೆಯನ್ನು ಮರೆಯಬಾರದು. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ರೈಲುದಾರಿಯೂ ಊರನ್ನು ಮುಟ್ಟಿಯೇ ಹೋಗುತ್ತದೆ. ಬೀರೂರು, ಕಡೂರುಗಳ ಪೇಟೆಯೂ ದೂರವಿಲ್ಲ.

ಆದರೆ ತೋಟಿಗನೊಬ್ಬನ ಜಾಣತನದಿಂದ ತೋಟ ಉಳಿಯದೆಂಬುದನ್ನು ಬೆಂಗಳೂರು ಸ್ಪಷ್ಟವಾಗಿ ತೋರಿಸಿದೆ. ಆತನ ಮಡಿಯ ನೀರು ಊರ ಕೆರೆಯಲ್ಲಿದೆ. ಕೆರೆಯ ಭವಿಷ್ಯವು ಊರ ಹಿರಿಯರ ಸಭೆಯಲ್ಲಿದೆ. ಕೆರೆಯ ಅಂಗಳವನ್ನೂ ನೀರು ಬರುವ ಕಾಲುವೆಗಳನ್ನೂ ಒತ್ತುವರಿಯಾಗದಂತೆ ಕಾಯುವುದು, ಊರ ಹಸಿಕಸವನ್ನು ಬೇರ್ಪಡಿಸಿ ಗೊಬ್ಬರ ಮಾಡಿಸಿ ತೋಟಗಳಿಗೆ ಕೊಡುವುದು, ಬೆಳೆದವನೇ ಕುಳಿತು ಮಾರುವುದಕ್ಕೆ ಸಂತೆಯಲ್ಲಿ ಸುಂಕದ ಕಿರುಕುಳವಿಲ್ಲದ ನೆರಳನ್ನು ಒದಗಿಸುವುದು, ಈ ಮೂರು ಕೆಲಸಗಳಿಗೆ ಮಹಾ ದ್ರವ್ಯವೇನೂ ಬೇಡ; ಮುಂಗಾಣುವ ಬುದ್ಧಿ ಸಾಕು.

ಬೆಂಗಳೂರಿನಲ್ಲಿ ಸಂಪಂಗಿ ಕೆರೆಯ ಒಂದು ಚಿಕ್ಕ ತುಂಡು ಇನ್ನೂ ನೀರಾಗಿ ಉಳಿದಿದೆ. ಕರಗದ ವಿಧಿಗೆ ಅದು ಬೇಕಾದುದರಿಂದ ಉಳಿಯಿತು. ವರ್ಷಕ್ಕೊಮ್ಮೆ ತೋಟಿಗರ ಕುಲದವರು ಆ ನೀರಿನ ಬಳಿಗೆ ಬಂದು ತಮ್ಮ ದೇವತೆಯನ್ನು ಕರೆಯುತ್ತಾರೆ. ಅವರಲ್ಲಿ ಬಹುಮಂದಿಯ ತಾತಂದಿರ ತೋಟಗಳ ಮೇಲೆ ಇಂದು ಬೀದಿಗಳೂ ಮಹಡಿಗಳೂ ಇವೆ. ಶ್ರದ್ಧೆಯಿದ್ದಷ್ಟು ನೀರು ಉಳಿಯಿತು. ತೋಟಕ್ಕೆ ಬೇಕಾದಷ್ಟು ನೀರನ್ನು ಉಳಿಸುವುದಕ್ಕೆ ಶ್ರದ್ಧೆಯೊಂದೇ ಸಾಲದೆ ಹೋಯಿತು. ಊರು ಚಿಕ್ಕದಾಗಿರುವಾಗಲೇ ಅದರ ಅಂಚಿನ ಹಸುರನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅಜ್ಜಂಪುರವು ಇನ್ನೂ ಚಿಕ್ಕ ಊರು.